20 ಲೀಟರ್ ಬಿಯರಿಗೆ ಎಷ್ಟು ದೊಡ್ಡ ಪಾತ್ರೆ ಬೇಕು?

ಬ್ರೂಯಿಂಗ್ ಕಲಿಯುವ ನಮ್ಮಲ್ಲಿ ಸುಮಾರು ಜನ 20 ಲೀಟರ್ ಬಿಯರ್ ಕುದಿಸಲು 25 ಲೀಟರ್ ಪಾತ್ರೆ ಸಾಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಅದಕ್ಕೇ ಬದಿಯಡ್ಕದ ನಮ್ಮ ಹಿತ್ತಿಲಲ್ಲಿ ನಾನು ಬರೀ ನೀರು ಕುದಿಸಿ ಲೆಕ್ಕ ಕಲಿತೆ.

ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಬಸಿದ ಸಿಹಿ ರಸವೇ ವರ್ಟ್. ಹಾಪ್ಸ್ ಎಂಬ ಹೂವಿನ ಕಹಿ ಅದರಲ್ಲಿ ಚೆನ್ನಾಗಿ ಬಿಡಬೇಕಾದರೆ ವರ್ಟನ್ನು ಸುಮಾರು 60 ನಿಮಿಷ ಕುದಿಸಬೇಕು. ಮುಚ್ಚಳ ಹಾಕಬಾರದು. ಬೇಯಿಸಿದ ಮೆಕ್ಕೆಜೋಳದ ಹಾಗೆ ನಾರುವ ಡಿಎಂಎಸ್ (ಡೈಮೀಥೈಲ್ ಸಲ್ಫೈಡ್) ಆವಿಯ ಜೊತೆ ಹೊರಗೆ ಹೋಗಬೇಕಲ್ವಾ?

ದೊಡ್ಡಪ್ಪನ ಮನೆಯಿಂದ 40 ಸೆಂಟಿಮೀಟರ್ ಅಗಲದ ಪಾತ್ರೆ ತಂದೆ. 28 ಲೀಟರ್ ನೀರು ಹಾಕಿ, ಗೆರಟೆ, ಕೊತ್ತಳಿಗೆ ಒಟ್ಟಿ ಬೆಂಕಿ ಮಾಡಿದೆ. ಬಿದಿರಿನ ಕಡ್ಡಿಗೆ ಗೀಟು ಹಾಕಿ ಅದ್ದಿ ನೋಡಿದೆ. ಒಂದು ಗಂಟೆ ಕುದಿದ ಮೇಲೆ ನೀರು 4 ಸೆಂಟಿಮೀಟರ್ ಇಳಿದಿತ್ತು. ಆ ಅಗಲದಲ್ಲಿ ಅದು 5 ಲೀಟರ್! ಆರಿದಾಗ ನೀರು ಕುಗ್ಗಿ ಸುಮಾರು ಒಂದು ಲೀಟರ್ ಕಮ್ಮಿಯಾಗುತ್ತದೆ. ಹಾಪ್ಸಿನ ಗಸಿಯಲ್ಲಿ ಇನ್ನೊಂದು ಲೀಟರ್ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ 20 ಲೀಟರ್ ಕೈಗೆ ಸಿಗಬೇಕಾದರೆ 27 ಲೀಟರಿನಿಂದ ಶುರು ಮಾಡಬೇಕು.

ಇನ್ನು ನೊರೆ. ವರ್ಟಿನಲ್ಲಿ ಪ್ರೋಟೀನ್ ಇರುವುದರಿಂದ ಕುದಿ ಬರುವ ಹೊತ್ತಿಗೆ ಹಾಲಿನ ಹಾಗೇ ಉಕ್ಕಿ ಬರುತ್ತದೆ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ 30 ಲೀಟರ್ ಪಾತ್ರೆಗೆ 27 ಲೀಟರ್ ತುಂಬಿದ್ದೆವು. ಬರ್ನರಿನ ತೂತುಗಳಲ್ಲೆಲ್ಲ ಸಕ್ಕರೆ ಪಾಕ ಗಟ್ಟಿಯಾಯಿತು, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಬೇಕಾಯಿತು. ಹಾಗಾಗಿ 40 ಲೀಟರಿಗಿಂತ ಸಣ್ಣದು ಬೇಡ.

40 ಲೀಟರ್ ಅಂದರೂ ಆಕಾರ ಬೇರೆ ಬೇರೆ. 40 ಅಗಲ, 32 ಎತ್ತರದ್ದರಲ್ಲಿ 27 ಲೀಟರ್ ಹಾಕಿದರೆ ಮೇಲೆ ಸುಮಾರು 10 ಸೆಂಟಿಮೀಟರ್ ಜಾಗ. 36 ಅಗಲ, 40 ಎತ್ತರದ್ದರಲ್ಲಿ 13. ನನಗೆ ಎರಡನೆಯದೇ ಇಷ್ಟ. ಇನ್ನೊಂದು ಅನುಕೂಲವೂ ಇದೆ: 36 ಅಗಲದಲ್ಲಿ ಒಂದು ಸೆಂಟಿಮೀಟರ್ ಅಂದರೆ ಹತ್ತಿರಹತ್ತಿರ ಒಂದು ಲೀಟರ್. ಸ್ಕೇಲ್ ಇಳಿಸಿದರೆ ಸಾಕು.

ಪಾತ್ರೆ ದೊಡ್ಡದಾದರೆ ಬೆಂಕಿಯೂ ದೊಡ್ಡದಾಗಬೇಕು. ಇದನ್ನೇ ಎಲ್ಲರೂ ಮರೆಯುವುದು. 27 ಲೀಟರನ್ನು 28 ಡಿಗ್ರಿಯಿಂದ ಕುದಿಗೆ ತರಲು 3 ಕಿಲೋವಾಟಿನ ಹೀಟರಿಗೆ, ಶಾಖ ಏನೂ ಪೋಲಾಗದಿದ್ದರೂ, 45 ನಿಮಿಷ ಬೇಕು. ಆಮೇಲೆ ಗಂಟೆಗೆ 5 ಲೀಟರ್ ಆವಿಯಾಗಲು ಸುಮಾರು 3 ಕಿಲೋವಾಟ್ ಬಿಡದೆ ಒಳಗೆ ಹೋಗುತ್ತಿರಬೇಕು. ಮನೆಯ ಗ್ಯಾಸ್ ಒಲೆಯ ಒಂದು ಬರ್ನರಿಗೆ ಇದು ಕಷ್ಟ. ಕರೆಂಟಿನದಾದರೆ 16 ಆ್ಯಂಪ್ ಪ್ಲಗ್, ಸರಿಯಾದ ಅರ್ಥಿಂಗ್ ಇರಲೇಬೇಕು.

ಪಾತ್ರೆ ಅಲ್ಯೂಮಿನಿಯಂದಾದರೂ ಆಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಆದರೆ ಒಳಗಿನ ಮಬ್ಬು ಪದರವನ್ನು ತಿಕ್ಕಿ ಹೊಳಪು ಮಾಡಬೇಡಿ, ಲೋಹವನ್ನು ಕಾಯುವುದು ಅದೇ. ವಾಷಿಂಗ್ ಸೋಡಾ ಅದಕ್ಕೆ ಆಗದು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ದುಡ್ಡು ಜಾಸ್ತಿ, ತೊಳೆಯುವುದು ಸುಲಭ. ತಳ ತೆಳ್ಳಗಿದ್ದರೆ ಬೇಡ, ಸೀಯುತ್ತದೆ. ಸತು ಲೇಪಿಸಿದ ಡ್ರಮ್ ಮಾತ್ರ ಬೇಡವೇ ಬೇಡ. ವರ್ಟ್ ಸ್ವಲ್ಪ ಹುಳಿ ಗುಣದ್ದು, ಸತು ಅದರಲ್ಲಿ ಕರಗುತ್ತದೆ.

ನಲ್ಲಿ ಕೂರಿಸುವುದಾದರೆ ಅರ್ಧ ಇಂಚಿನ ಸ್ಟೀಲ್ ಬಾಲ್ ವಾಲ್ವ್, ಸಿಲಿಕೋನ್ ವಾಷರ್ ತೆಗೆದುಕೊಳ್ಳಿ. ತೂತಿನ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ, ಇಲ್ಲದಿದ್ದರೆ ವಾಷರ್ ಹರಿಯುತ್ತದೆ. ನೀರು ತುಂಬಿ, ಕೆಳಗೆ ಪೇಪರ್ ಹಾಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗದೆ ಇದ್ದರೆ ಒಲೆಗೆ ಏರಿಸಬಹುದು.