ತಂಡದವರು ತೊಂದರೆಯನ್ನು ಮೊದಲೇ ಯಾಕೆ ಹೇಳುವುದಿಲ್ಲ?

ಪ್ರಶ್ನೆ: ಟೀಮ್ ಲೀಡ್ ಆಗಿ ಎಂಟು ತಿಂಗಳಾಯಿತು. ಯಾರನ್ನು ಕೇಳಿದರೂ "ಆಗುತ್ತೆ ಸರ್" ಅನ್ನುತ್ತಾರೆ. ಕೆಲಸ ಒಪ್ಪಿಸುವ ಹಿಂದಿನ ದಿನ ನೋಡಿದರೆ ಅರ್ಧವೂ ಆಗಿರುವುದಿಲ್ಲ. ಮೊದಲೇ ಹೇಳುವ ಹಾಗೆ ಮಾಡುವುದು ಹೇಗೆ?

ಉತ್ತರ: ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಹಿಂದೆ ಯಾರೋ ಬಂದು ಕೆಟ್ಟ ಸುದ್ದಿ ಹೇಳಿದಾಗ ನಿಮ್ಮ ಬಾಯಿಂದ ಬಂದ ಮೊದಲ ಮಾತು ಯಾವುದು?

ನನ್ನ ವಿಷಯ ಹೇಳುತ್ತೇನೆ. ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಲೇತ್ (ಲೋಹ ಕಡೆಯುವ ಯಂತ್ರ) ಆಪರೇಟರ್ ಹುಡುಗ ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದು ಬಂದ. "ಸರ್, ಇನ್ಸರ್ಟ್ ಸವೆದಿದೆ. ಹತ್ತು ಪೀಸ್ ಸೈಜ್ ಏರಿಬಿಟ್ಟಿದೆ." ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ತುದಿ, ಅದು ಸವೆದರೆ ಪೀಸ್ ದಪ್ಪ ಉಳಿಯುತ್ತದೆ. ನಾನು ಪೀಸ್ ನೋಡಲೇ ಇಲ್ಲ. "ಹತ್ತು ಆಗೋವರೆಗೂ ಏನ್ ಮಾಡ್ತಿದ್ದೆ?" ಅಂತ ಎಲ್ಲರೆದುರು ಕೂಗಿದೆ. ಸೈಜ್ ಏರಿದ ಶಾಫ್ಟಿಗೆ ಇನ್ನೊಂದು ಕಟ್ ಕೊಟ್ಟರೆ ಉಳಿಯುತ್ತದೆ. ಅದನ್ನು ಉಳಿಸಲು ಬಂದವನ ಬಾಯಿಯನ್ನೇ ನಾನು ಮುಚ್ಚಿಸಿದ್ದೆ.

ಆಮೇಲೆ ಎರಡು ತಿಂಗಳು ದೂರೇ ಇಲ್ಲ. ಶಾಪ್ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡೆ. ಒಂದು ದಿನ ಲೋಹದ ಚೂರು ಹಾಕುವ ಚಿಪ್ಸ್ ತೊಟ್ಟಿ ಖಾಲಿ ಮಾಡಿದಾಗ, ತಳದಲ್ಲಿ ಒರೆಸುವ ಬನಿಯನ್ ವೇಸ್ಟ್‌ನಲ್ಲಿ ಸುತ್ತಿದ್ದ ರಿಜೆಕ್ಟ್ ಪೀಸ್‌ಗಳು ಸಿಕ್ಕವು.

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೂ ಇದೇ ಕತೆ, ಇನ್ನೂ ದೊಡ್ಡ ಅಳತೆಯಲ್ಲಿ. ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತು. ದಿನಾ ನೂರರಲ್ಲಿ ಸುಮಾರು 20 ಜನ ಕೆಲಸಕ್ಕೇ ಬರುತ್ತಿರಲಿಲ್ಲ. ಏನೇ ಆದರೂ ಕಾರು ಜೋಡಿಸುವ ಲೈನ್ ನಿಲ್ಲಿಸುವಂತಿರಲಿಲ್ಲ. 1984ರಲ್ಲಿ ಟೊಯೋಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಬಿಡದಿಯಲ್ಲಿ ಕಾರು ಮಾಡುವ ಅದೇ ಟೊಯೋಟಾ. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ಈ ಸಲ ಲೈನಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗವಿತ್ತು, ಆಂಡನ್ ಅಂತ. ಒಂದು ಬೋಲ್ಟ್ ಕೂರದಿದ್ದರೂ ಯಾರು ಬೇಕಾದರೂ ಎಳೆಯಬಹುದಿತ್ತು. ಎಳೆದ ತಕ್ಷಣ ಟೀಮ್ ಲೀಡರ್ ಬರುತ್ತಿದ್ದ. ಬೈಯಲಿಕ್ಕಲ್ಲ, ಕೈ ಜೋಡಿಸಲಿಕ್ಕೆ. ಬೇಗ ಸರಿಹೋಗದಿದ್ದರೆ ಲೈನ್ ನಿಲ್ಲುತ್ತಿತ್ತು. ಗೈರುಹಾಜರಿ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಹಗ್ಗ ಕಟ್ಟುವುದು ಸುಲಭ. ಎಳೆದಾಗ ಬಂದವನ ಮುಖ ಹೇಗಿತ್ತು ಅನ್ನುವುದೇ ಮುಖ್ಯ ಅಂತ ನನಗನ್ನಿಸುತ್ತದೆ.

ನಿಮ್ಮ ಆಫೀಸಿನಲ್ಲಿ ಆ ಹಗ್ಗ ನೀವೇ. "ಆಗುತ್ತಾ?" ಅಂತ ಕೇಳಬೇಡಿ, ಅದಕ್ಕೆ "ಆಗುತ್ತೆ" ಅಂತಲೇ ಉತ್ತರ ಬರುವುದು. "ಎಲ್ಲಿ ಸಿಕ್ಕಿಕೊಂಡಿದೆ, ತೋರಿಸಿ" ಅನ್ನಿ, ಅವರ ಪಕ್ಕ ಕುರ್ಚಿ ಎಳೆದು ಕೂತ್ಕೊಳ್ಳಿ. ಯಾರಾದರೂ ತಾವಾಗಿ ಬಂದು ತೊಂದರೆ ಹೇಳಿದರೆ ಮೊದಲ ಮಾತು "ಒಳ್ಳೇದಾಯ್ತು ಹೇಳಿದ್ದು" ಅಂತಿರಲಿ. ಹಾಗಂತ ತಪ್ಪನ್ನು ಸುಮ್ನೆ ಬಿಡಬೇಕು ಅಂತಲ್ಲ. ಒಬ್ಬರೇ ಮತ್ತೆ ಮತ್ತೆ ಅದೇ ತಪ್ಪು ಮಾಡುತ್ತಿದ್ದರೆ ಬೇರೆ ದಿನ, ಬಾಗಿಲು ಹಾಕಿಕೊಂಡು, ನೇರವಾಗಿ ಮಾತಾಡಿ.

ಫಲ ಬೇಗ ಸಿಗುವುದಿಲ್ಲ. ನಾನು ಎಲ್ಲರೆದುರು ಆ ಹುಡುಗನ ಕ್ಷಮೆ ಕೇಳಿದ ಮೇಲೂ ಅವನು ನನ್ನ ಹತ್ತಿರ ಬರಲು ನಾಲ್ಕು ತಿಂಗಳು ಹಿಡಿಯಿತು. ಮತ್ತೆ ಮೈಕ್ರೋಮೀಟರ್ ಹಿಡಿದು ಬಂದಾಗ ಸೈಜ್ ಏರಿದ್ದು ಒಂದೇ ಪೀಸ್.