ಈ ಹೆಸರು ನಿಮ್ಮದೇನಾ? ತೋರಿಸಿ

ಮೂಡಿಗೆರೆ, ಕಳಸ, ಆಲ್ದೂರು ಕಡೆ ಈಗ ಹೋಂಸ್ಟೇ ಇಲ್ಲದ ಊರು ಕಮ್ಮಿ. ಎಷ್ಟೋ ಹೋಂಸ್ಟೇಗಳಿಗೆ ಸ್ವಂತ ವೆಬ್‌ಸೈಟೂ ಇದೆ: ನಾಲ್ಕು ಫೋಟೊ, ಒಂದು ಬುಕಿಂಗ್ ಫಾರಂ, ಒಂದು ಫೋನ್ ನಂಬರ್. ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರಲ್ಲಿ, ಸರ್ವರ್ ಮುಂಬೈನ ಯಾವುದೋ ಕ್ಲೌಡ್ ಡೇಟಾ ಸೆಂಟರಿನಲ್ಲಿ. ಗೆಸ್ಟ್ ಒಬ್ಬರು ಫಾರಂ ತುಂಬಲು ಹೋದರೆ ಮೇಲೆ ‘ನಾಟ್ ಸೆಕ್ಯೂರ್’ ಅಂತ ಕಾಣುತ್ತದೆ. ಸರ್ಟಿಫಿಕೇಟ್ ಇಲ್ಲದೆ ಬರಿಯ ಎಚ್‌ಟಿಟಿಪಿಯಲ್ಲಿ ನಡೆಯುವ ಸೈಟಿಗೆಲ್ಲ 2018ರ ಜುಲೈನಿಂದ ಕ್ರೋಮ್ ಈ ಹಣೆಪಟ್ಟಿ ಹಚ್ಚುತ್ತಿದೆ. ಬುಕಿಂಗ್ ಅಲ್ಲಿಗೇ ನಿಂತಿತು.

ಹಣೆಪಟ್ಟಿ ಸುಳ್ಳೇನಲ್ಲ. ಗೆಸ್ಟ್ ಬರೆದ ಹೆಸರು, ನಂಬರ್ ಎಲ್ಲ ದಾರಿಯುದ್ದಕ್ಕೂ ತೆರೆದೇ ಹೋಗುತ್ತದೆ. ನಡುವೆ ಕೂತವರು ಓದಬಹುದು, ತಿದ್ದಲೂಬಹುದು. ಹಾಗಾದರೆ ಮಾತನ್ನು ಗುಟ್ಟಿನ ಲಿಪಿಗೆ ತಿರುಗಿಸಿದರೆ ಸಾಲದಾ? ಸಾಲದು. ಗುಟ್ಟು ಹೇಳುತ್ತಿರುವುದು ಆ ಸೈಟಿಗೋ, ನಡುವೆ ನುಸುಳಿ ಅದರ ವೇಷ ಹಾಕಿದವನಿಗೋ ಗೊತ್ತಾಗಬೇಕಲ್ಲ! ‘ಈ ಸಾರ್ವಜನಿಕ ಕೀಲಿ ಈ ಹೆಸರಿನ ಸೈಟಿನದು’ ಅಂತ ಸರ್ಟಿಫಿಕೇಟ್ ಹೇಳುತ್ತದೆ. ಸಾರ್ವಜನಿಕ ಕೀಲಿ ಅಂದರೆ ಸೈಟ್ ಎಲ್ಲರಿಗೂ ಕೊಡುವ ಕೀಲಿ; ಅದರ ಜೋಡಿ, ಖಾಸಗಿ ಕೀಲಿ, ಸೈಟಿನ ಹತ್ತಿರ ಮಾತ್ರ. ಕೆಳಗೆ ಬ್ರೌಸರ್ ನಂಬುವ ಒಂದು ಸಂಸ್ಥೆಯ ಸಹಿ. ಅಷ್ಟೇ.

ಸೈಟಿನ ಮಾಲೀಕ ಒಳ್ಳೆಯವನು ಅಂತ ಅದು ಎಲ್ಲೂ ಹೇಳುವುದಿಲ್ಲ. ಇಲ್ಲದ ರೆಸಾರ್ಟಿಗೆ ಅಡ್ವಾನ್ಸ್ ಕೀಳುವ ನಕಲಿ ಸೈಟಿಗೂ ಸರ್ಟಿಫಿಕೇಟ್ ಸಲೀಸಾಗಿ ಸಿಗುತ್ತದೆ. ಜನ ಬ್ರೌಸರಿನಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರ ನೋಡಿ ಸೈಟನ್ನೇ ನಂಬುತ್ತಿದ್ದರು. 2023ರಲ್ಲಿ ಕ್ರೋಮ್ ಆ ಬೀಗವನ್ನೇ ತೆಗೆದುಹಾಕಿತು. ಒಳ್ಳೆಯದೇ ಆಯಿತು.

ಒಂದು ಕಾಲಕ್ಕೆ ಸರ್ಟಿಫಿಕೇಟಿಗೆ ವರ್ಷಾವರ್ಷ ದುಡ್ಡು ಸುರಿಯಬೇಕಿತ್ತು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭ ನೋಡದ ಸಂಸ್ಥೆ ಎಲ್ಲರಿಗೂ ಬಿಟ್ಟಿಯಾಗಿ ಕೊಡಲು ಶುರುಮಾಡಿತು. ಅಲ್ಲಿ ಅರ್ಜಿ ನೋಡಲು ಗುಮಾಸ್ತರಿಲ್ಲ, ಎಲ್ಲ ಯಂತ್ರವೇ. ಮತ್ತೆ ಹೆಸರು ನಿಮ್ಮದೇ ಅಂತ ಯಂತ್ರಕ್ಕೆ ತಿಳಿಯುವುದು ಹೇಗೆ? ಈ ಇಡೀ ವ್ಯವಸ್ಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಜಾಗ ಇದು.

ಅದು ಪಹಣಿ ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ. ‘ತೋಟ ನಿಮ್ಮದಾದರೆ ನಡುವಿನ ಸಿಲ್ವರ್ ಓಕ್ ಮರಕ್ಕೆ ನಾನು ಕೊಟ್ಟ ಬಟ್ಟೆ ಕಟ್ಟಿ, ನಾನೇ ಬಂದು ನೋಡ್ತೀನಿ’ ಅಂದ ಹಾಗೆ ಒಂದು ಸವಾಲು ಹಾಕುತ್ತದೆ. ನಿಮ್ಮ ಸರ್ವರಿನಲ್ಲಿರುವ ಸರ್ಟ್‌ಬಾಟ್‌ನಂಥ ತಂತ್ರಾಂಶಕ್ಕೆ ಊಹಿಸಲಾಗದ ಒಂದು ಅಕ್ಷರಮಾಲೆ ಬರುತ್ತದೆ. ಅದನ್ನು ಸೈಟಿನ ‘ಡಾಟ್ ವೆಲ್-ನೋನ್’ ಫೋಲ್ಡರಿನೊಳಗೆ, ‘ಆಕ್ಮಿ-ಚಾಲೆಂಜ್’ ಎಂಬಲ್ಲಿ ಫೈಲ್ ಮಾಡಿ ಇಡಬೇಕು. ಸಂಸ್ಥೆ ಹೊರಗಿನಿಂದ ಬಂದು ಓದುತ್ತದೆ. 2020ರಿಂದ ಒಂದೇ ಕಡೆಯಿಂದಲ್ಲ, ಬೇರೆ ಬೇರೆ ಜಾಲಗಳಿಂದ ಇಣುಕುತ್ತದೆ, ಯಾರೋ ಒಂದು ದಾರಿ ತಿರುಗಿಸಿ ಮೋಸ ಮಾಡದಿರಲಿ ಅಂತ. ಫೈಲ್ ಸರಿಯಿದ್ದರೆ ಕೆಲವೇ ಸೆಕೆಂಡಿನಲ್ಲಿ ಸಹಿ ಬೀಳುತ್ತದೆ. ಖಾಸಗಿ ಕೀಲಿ ಮಾತ್ರ ನಿಮ್ಮ ಸರ್ವರಿನಲ್ಲೇ ಹುಟ್ಟಿ ಅಲ್ಲೇ ಉಳಿಯುತ್ತದೆ. ಅದನ್ನು ವಾಟ್ಸಾಪಿನಲ್ಲಿ ಕಳಿಸಿ ಅನ್ನುವವರು ಸಿಕ್ಕರೆ ಅವರಿಗೆ ಕೆಲಸ ಕೊಡಬೇಡಿ.

ಕ್ಲೌಡಿನಲ್ಲಿ ಇದು ಕೈಕೊಡುವುದು ಸಣ್ಣ ಕಾರಣಕ್ಕೆ. ಈ ಪರೀಕ್ಷೆ ಶುರುವಾಗುವುದು 80ನೇ ಪೋರ್ಟಿನಲ್ಲಿ. ಪೋರ್ಟ್ ಅಂದರೆ ಸರ್ವರಿನ ಒಂದು ಬಾಗಿಲು: 80 ಬರಿಯ ಎಚ್‌ಟಿಟಿಪಿಗೆ, 443 ಗುಟ್ಟಿನ ಸಂಪರ್ಕಕ್ಕೆ. ‘ಭದ್ರತೆ ಬೇಕು, 443 ಒಂದೇ ಸಾಕು’ ಅಂತ ಫೈರ್‌ವಾಲ್‌ನಲ್ಲಿ 80 ಮುಚ್ಚಿದವರಿಗೆ ಈ ದಾರಿಯಲ್ಲಿ ಸರ್ಟಿಫಿಕೇಟೇ ಬರುವುದಿಲ್ಲ. ಡಿಎನ್‌ಎಸ್‌ನಲ್ಲಿ, ಅಂದರೆ ಸೈಟಿನ ಹೆಸರಿಗೆ ಸರ್ವರಿನ ವಿಳಾಸ ಹೇಳುವ ಪಟ್ಟಿಯಲ್ಲಿ, ಹಳೆಯ ಸರ್ವರಿನ ಐಪಿವಿ6 (ಹೊಸ ಮಾದರಿಯ) ವಿಳಾಸ ಉಳಿದಿದ್ದರೂ ಎಡವಟ್ಟು. ಸಂಸ್ಥೆ ಮೊದಲು ಅಲ್ಲಿಗೇ ಹೋಗುತ್ತದೆ.

ಎರಡನೆಯ ದಾರಿ ಫೈಲಿನ ಬದಲು ಡಿಎನ್‌ಎಸ್‌ನಲ್ಲೇ ಗುರುತು ಇಡುವುದು. ಅಮೆಜಾನ್ ಕ್ಲೌಡಿನ ಸರ್ಟಿಫಿಕೇಟ್ ಮ್ಯಾನೇಜರ್ ಹೀಗೆ ಮಾಡುತ್ತದೆ. ಅದು ಕೊಟ್ಟ ಒಂದು ಸಿನೇಮ್ ದಾಖಲೆ (ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಕಳಿಸುವ ಸಾಲು) ಹಾಕಿಟ್ಟರೆ, ಅದು ಇದ್ದು ಸರ್ಟಿಫಿಕೇಟ್ ಬಳಕೆಯಲ್ಲಿರುವವರೆಗೂ ನವೀಕರಣ ತಾನಾಗಿ ಆಗುತ್ತದೆ. ‘ಇದೇನಿದು ಉದ್ದುದ್ದ ಕಸ’ ಅಂತ ಯಾರಾದರೂ ಅಳಿಸಿದರೆ ತಿಂಗಳುಗಳ ಮೇಲೆ ಸೈಟ್ ಮಲಗುತ್ತದೆ. ಇನ್ನೊಂದು ವಿಚಿತ್ರ: ಸೈಟನ್ನು ಗೆಸ್ಟಿಗೆ ಹತ್ತಿರದ ಸರ್ವರಿನಿಂದ ಬೇಗ ತಲುಪಿಸುವ ಅಮೆಜಾನಿನ ಕ್ಲೌಡ್‌ಫ್ರಂಟ್ ಬಳಸುವುದಾದರೆ ಸರ್ಟಿಫಿಕೇಟ್ ಅಮೆರಿಕದ ಉತ್ತರ ವರ್ಜೀನಿಯಾ ವಲಯದಲ್ಲೇ ಇರಬೇಕು. ಮುಂಬೈ ವಲಯದಲ್ಲಿ ಮಾಡಿಸಿದ್ದು ಕ್ಲೌಡ್‌ಫ್ರಂಟಿನ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕಾರಣ ಗೊತ್ತಿಲ್ಲದವರು ಅರ್ಧ ದಿನ ತಲೆ ಕೆರೆದುಕೊಳ್ಳುತ್ತಾರೆ.

ಸಹಿ ಹಾಕುವವರೇ ಎಡವಿದರೆ? ಎಡವಿದ್ದಾರೆ. 2011ರಲ್ಲಿ ಹಾಲೆಂಡಿನ ಡಿಜಿನೋಟಾರ್ ಸಂಸ್ಥೆಗೆ ಕನ್ನ ಹಾಕಿ ಗೂಗಲ್ ಹೆಸರಿನ ಸುಳ್ಳು ಸರ್ಟಿಫಿಕೇಟ್ ಪಡೆದರು. ಆ ಕಂಪನಿ ದಿವಾಳಿಯಾಯಿತು. 2014ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯಿಂದಲೂ ಗೂಗಲ್ ಡೊಮೈನುಗಳ ಹೆಸರಲ್ಲಿ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದಿದ್ದವು. ಅದಕ್ಕೇ ಈಗ ಕೊಟ್ಟ ಸರ್ಟಿಫಿಕೇಟುಗಳನ್ನು ಎಲ್ಲರಿಗೂ ಕಾಣುವ ದಾಖಲೆ ಪುಸ್ತಕಗಳಲ್ಲಿ ಬರೆಯಬೇಕು, ಬರೆಯದಿದ್ದರೆ ಕ್ರೋಮ್ ಒಪ್ಪುವುದಿಲ್ಲ. ನಿಮ್ಮ ಸೈಟಿನ ಹೆಸರಲ್ಲಿ ಯಾರ್ಯಾರು ಏನೇನು ಪಡೆದಿದ್ದಾರೆ ಅಂತ ನೀವೂ ಹುಡುಕಬಹುದು.

ಇನ್ನು ಅವಧಿ. ಲೆಟ್ಸ್ ಎನ್‌ಕ್ರಿಪ್ಟ್ ಶುರುವಿನಿಂದ ಕೊಟ್ಟಿದ್ದು ಹೆಚ್ಚಾಗಿ 90 ದಿನದ್ದು. ಉದ್ಯಮದ ಹೊಸ ನಿಯಮದ ಪ್ರಕಾರ 2029ರ ಮಾರ್ಚ್ ಹೊತ್ತಿಗೆ ಯಾವ ಸರ್ಟಿಫಿಕೇಟೂ 47 ದಿನಕ್ಕಿಂತ ಜಾಸ್ತಿ ಬಾಳುವಂತಿಲ್ಲ. ಕದ್ದ ಕೀಲಿ ಬೇಗ ಸಾಯಲಿ ಅನ್ನುವುದು ಒಂದು ಕಾರಣ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೈಯಲ್ಲಿ ಮಾಡುವ ಕಾಲ ಮುಗಿಯಿತು. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ ಕೂಡ 2025ರಲ್ಲಿ ನಿಂತಿದೆ. ತಾನಾಗಿ ನವೀಕರಿಸುವ ವ್ಯವಸ್ಥೆಯಲ್ಲೂ ಒಂದು ಕಳ್ಳದಾರಿ ಇದೆ: ಡಿಸ್ಕಿನಲ್ಲಿ ಹೊಸ ಸರ್ಟಿಫಿಕೇಟ್ ಬಂದು ಕೂತಿರುತ್ತದೆ, ಸೈಟನ್ನು ಹಂಚುವ ಎಂಜಿನೆಕ್ಸ್ ತಂತ್ರಾಂಶ ಮಾತ್ರ ರೀಲೋಡ್ ಆಗದೆ ನೆನಪಿನಲ್ಲಿರುವ ಹಳೆಯದನ್ನೇ ಹಂಚುತ್ತಿರುತ್ತದೆ. ಫೈಲಿನ ತಾರೀಖು ನೋಡಿ ಸಮಾಧಾನ ಪಡಬೇಡಿ. ಬ್ರೌಸರಿನಲ್ಲಿ ಸೈಟ್ ತೆರೆದು, ಸರ್ಟಿಫಿಕೇಟಿನ ಕೊನೆಯ ದಿನ ಯಾವುದು ಅಂತ ಅಲ್ಲೇ ನೋಡಿ.