ಲಿಂಗಪತ್ತೆ ಬೇರೆ, ಗರ್ಭಪಾತ ಬೇರೆ

ಹುಬ್ಬಳ್ಳಿಯ ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ಗೋಡೆಯ ಮೇಲೊಂದು ಫಲಕ ಇರುತ್ತದೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಅದನ್ನು ಓದಿ ಬಂದ ಎಷ್ಟೋ ಹೆಣ್ಣುಮಕ್ಕಳು ನನ್ನೆದುರು ಕೂತು ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ತಗಸೂದು ಅಪರಾಧ ಅಂತ ಬರದಾರಲ್ರೀ?"

ಹಾಗೆ ಬರೆದಿಲ್ಲ. 1994ರ ಕಾಯ್ದೆ ನಿಷೇಧಿಸಿದ್ದು ಲಿಂಗಪತ್ತೆ ಮತ್ತು ಲಿಂಗದ ಆಯ್ಕೆಯನ್ನು. ಗರ್ಭಪಾತಕ್ಕೆ 1971ರಿಂದಲೂ ಬೇರೆಯೇ ಕಾಯ್ದೆಯಿದೆ. ತಾಯಿಯ ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ, ಭ್ರೂಣದಲ್ಲಿ ತೀವ್ರ ನ್ಯೂನತೆ, ಅತ್ಯಾಚಾರ, ಗರ್ಭನಿರೋಧಕದ ವೈಫಲ್ಯ ಇಂಥ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಮಹಿಳೆಯರಿಗೆ, ಇಬ್ಬರು ವೈದ್ಯರು ಒಪ್ಪಿದರೆ, 24 ವಾರದವರೆಗೂ ಅವಕಾಶವಿದೆ.

"ಹೆಣ್ಣೆಂದು ತಿಳಿದು ತೆಗೆಸುವುದು ಅನ್ಯಾಯ, ಆದ್ದರಿಂದ ತೆಗೆಸುವುದೆಲ್ಲ ಅನ್ಯಾಯ." ಧಾರವಾಡದ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಈ ವಾದಕ್ಕೆ ಚಪ್ಪಾಳೆ ಬೀಳುತ್ತದೆ. ಮೊದಲ ಮಾತು ನಿಜ. ಎರಡನೆಯದು ಅದರಿಂದ ಹುಟ್ಟುವುದಿಲ್ಲ. ಒಂದು ಉದ್ದೇಶದ ಕೆಡುಕನ್ನು ಇಡೀ ಕ್ರಿಯೆಯ ಮೇಲೆ ಹೊರಿಸಿದ ಹೇತ್ವಾಭಾಸ, ಅಂದರೆ ತರ್ಕದ ತಪ್ಪು, ಅದು. ಭ್ರೂಣದ ಜೀವಕ್ಕೆ ಎಷ್ಟು ಬೆಲೆ ಎಂಬ ಗಟ್ಟಿ ಪ್ರಶ್ನೆ ವಿರೋಧಿಸುವವರ ಬಳಿಯಿದೆ. ಅದನ್ನೇ ನೇರವಾಗಿ ಕೇಳಲಿ. ಲಿಂಗಪತ್ತೆಯ ಹೆಸರಿನಲ್ಲಿ ಹೆದರಿಸಿದರೆ ಹೆಣ್ಣುಮಗಳು ಮೆಡಿಕಲ್ ಶಾಪಿನ ಗುಳಿಗೆ ನುಂಗಿ, ರಕ್ತ ಹರಿಯುವುದು ನಿಲ್ಲದೆ ನಮ್ಮಲ್ಲಿಗೆ ಬರುತ್ತಾಳೆ. ಒಂಬತ್ತು ವಾರದೊಳಗೆ ವೈದ್ಯರ ನಿಗಾದಲ್ಲಿ ಗುಳಿಗೆಯಿಂದಲೇ ಮುಗಿಯಬಹುದಾಗಿದ್ದದ್ದು ತಡವಾದಷ್ಟೂ ಅಪಾಯದ್ದಾಗುತ್ತದೆ.

ಪರ ವಾದಿಸುವವರೂ ಜಾರುತ್ತಾರೆ. ಬೆಳಗಾವಿಯ ಸವಿತಾ ಹಾಲಪ್ಪನವರ 2012ರಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದರೂ, ಭ್ರೂಣದ ಹೃದಯ ಬಡಿಯುತ್ತಿದೆಯೆಂದು ಗರ್ಭಪಾತ ಮಾಡಲಿಲ್ಲ, ಸೋಂಕು ರಕ್ತಕ್ಕೇರಿತು. ನಮ್ಮ ಸೀಮೆಯ ಮಗಳ ಆ ಸಾವು ನನ್ನನ್ನು ಇವತ್ತಿಗೂ ಕಾಡುತ್ತದೆ. ಆದರೆ ಎಲ್ಲ ಗರ್ಭಪಾತವೂ ಸರಿ ಎಂಬುದಕ್ಕೆ ಅದು ಸಾಕ್ಷಿಯಲ್ಲ. ತಾಯಿಯ ಜೀವ ಅಪಾಯದಲ್ಲಿದ್ದಾಗ ಕಾಯಿಸುವ ಕಾನೂನು ಕೊಲ್ಲುತ್ತದೆ ಎಂಬುದಕ್ಕೆ ಸಾಕ್ಷಿ. ನಮ್ಮ ಕಾಯ್ದೆಯಲ್ಲಿ ಜೀವ ಉಳಿಸಲು ವಾರಗಳ ಮಿತಿಯೇ ಇಲ್ಲ.

"ಗಂಡಸರು ಮಾತಾಡಬೇಡಿ" ಎನ್ನುವುದೂ ಉತ್ತರವಲ್ಲ. ಆಡಿದ ಮಾತು ಸರಿಯೇ ಎಂಬುದು ಒಂದು ಪ್ರಶ್ನೆ, ನಿರ್ಧಾರ ಯಾರದು ಎಂಬುದು ಇನ್ನೊಂದು. ಎರಡನೆಯದಕ್ಕೆ ಕಾಯ್ದೆ ಉತ್ತರಿಸಿದೆ: 18 ತುಂಬಿದ ಹೆಣ್ಣಿನ ಸಮ್ಮತಿಯೇ ಸಾಕು. ಗಂಡನ ಸಹಿ ತಂದರಷ್ಟೇ ಕೇಸ್ ಪೇಪರ್ ಮಾಡುತ್ತೇವೆ ಎಂದು ಯಾರಾದರೂ ವಾಪಸ್ ಕಳಿಸಿದರೆ, ಅಂಥ ನಿಯಮ ಕಾಯ್ದೆಯಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿ.